ಸವಾಲು ಕೂಗುತ್ತಿದ್ದ ಗನಿಯ ನಾಯಿ

ಖಾನಾಪುರದ ಕಟ್ಟಿಗೆ ಡಿಪೋಗಳಲ್ಲಿ ಗನಿ ಹದಿನೆಂಟು ವರ್ಷ ಹರಾಜಿನ ಸವಾಲು ಕೂಗಿದ. ಲೋಂಡಾ ಕಡೆಯ ಕಾಡಿನಿಂದ ಬಂದ ಸಾಗವಾನಿ, ಮತ್ತಿ, ಹೊನ್ನೆ ದಿಮ್ಮಿಗಳನ್ನು ಬೇರೆ ಬೇರೆ ಒಟ್ಟಿ, ತುದಿಗೆ ಸುಣ್ಣದಲ್ಲಿ ನಂಬರು ಬರೆದಿರುತ್ತಿದ್ದರು. ಬೆಳಗಾವಿ, ಹುಬ್ಬಳ್ಳಿ, ಮಡಗಾಂವದ ವ್ಯಾಪಾರಿಗಳು ಛತ್ರಿ ಹಿಡಿದು ಒಟ್ಟಿಲಿನಿಂದ ಒಟ್ಟಿಲಿಗೆ ನಡೆಯುವರು. ಗನಿ ದಿಮ್ಮಿಯ ಮೇಲೆ ಹತ್ತಿ, ಒಂದು ಕೈ ಸೊಂಟಕ್ಕಿಟ್ಟು ಬಾಯಿ ತೆರೆದರೆ ರೈಲು ನಿಲ್ದಾಣದ ಆಚೆಗೂ ಕೇಳುತ್ತಿತ್ತು. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಏರಿಸಿ, ಕೊನೆಯ ಕೂಗಿಗೆ ಮುಂಚೆ ಒಂದು ಗಳಿಗೆ ಸುಮ್ಮನಿದ್ದು ಎಲ್ಲರ ಮುಖ ನೋಡುವನು. ಆ ಒಂದು ಗಳಿಗೆಯಲ್ಲಿ ಬೇಡವೆಂದು ನಿರ್ಧರಿಸಿ ಬಂದವನೂ ಕೈ ಎತ್ತಿಬಿಡುತ್ತಿದ್ದ. ಓದು ಬರಹ ಅವನಿಗೆ ಬರುತ್ತಿರಲಿಲ್ಲ. ಅದರ ಅಗತ್ಯ ಬಿದ್ದದ್ದೂ ಇಲ್ಲ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ದನಿ ಒಡೆಯಿತು. ಕಟ್ಟಿಗೆಯ ಪುಡಿ ಹೋಗಿರಬೇಕೆಂದು ಕಲ್ಲುಸಕ್ಕರೆ, ಮೆಣಸು ಬಾಯಲ್ಲಿಟ್ಟುಕೊಂಡು ಆರು ತಿಂಗಳು ತಳ್ಳಿದ. ಕೊನೆಗೆ ಹೆಂಡತಿ ಅನ್ವರಿ ಅತ್ತು ಕರೆದು ಮಿರಜಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, ಕ್ಯಾನ್ಸರ್, ಜೀವ ಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು. ತೆಗೆದರು. ಎಚ್ಚರವಾದಾಗ ಗನಿಯ ಕೊರಳ ಬುಡದಲ್ಲಿ ಎಂಟಾಣೆಯಷ್ಟು ಅಗಲದ ತೂತಿತ್ತು. ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು. ನೀರು ಕೇಳಬೇಕೆಂದು ಬಾಯಿ ತೆರೆದ. ತುಟಿ ಮಾತ್ರ ಆಡಿತು. ಆಗ ಅವನಿಗೆ ನಲವತ್ತನಾಲ್ಕು ವರ್ಷ.

ಅನ್ವರಿ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಅವನು ತುಟಿಯಲ್ಲಿ ಉರ್ದು ಆಡುವುದು, ಅವಳು ಅದನ್ನು ಕೇಳಿದವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಹೇಳುವುದು. ಆದರೆ ಅನ್ವರಿ ಅವನ ಸಿಟ್ಟನ್ನು ಹೇಳುತ್ತಿರಲಿಲ್ಲ. 'ಇವನನ್ನ ಮನಿ ಹೊರಗ ಹಾಕು' ಎಂದು ಅವನು ತುಟಿ ಆಡಿಸಿದರೆ, 'ಚಾ ಕುಡದ ಹೋಗ್ರಿ ಅಂತಾರ' ಎಂದು ಹೇಳುವಳು. ಗನಿ ಗೋಡೆಗೆ ಕೈ ಬಡಿಯುತ್ತಿದ್ದ. ಒಲೆ ಊದಲು ಬಾರದು, ಸಾರಿನ ವಾಸನೆ ತಿಳಿಯದು, ಮಗ್ಗುಲಲ್ಲಿ ಹಾವು ಬಂದರೂ ಒಬ್ಬರನ್ನು ಕೂಗಲಾಗದು. ಬಂದವರು ಅವನ ಕೊರಳ ಬಟ್ಟೆಯನ್ನು ನೋಡುವರು, ಇಲ್ಲವೆ ನೆಲ ನೋಡುವರು. ಒಂದು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಅವನು ಮಲಪ್ರಭೆಯ ರೈಲು ಸೇತುವೆಯ ಕಡೆ ಹಳಿಯ ನಡುವೆ ನಡೆದುಹೋದ. ಹಳಿ ನೋಡಿಕೊಳ್ಳುವ ಅಮೀನಸಾಬ ಗುರುತು ಹಿಡಿದು ಓಡಿಬಂದು ಎಳೆದುಕೊಳ್ಳದಿದ್ದರೆ ಅವನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಅನ್ವರಿ ಅದೇ ವಾರ ಬೆಳಗಾವಿಗೆ ಹೋದಳು. ಟಿಳಕವಾಡಿಯಲ್ಲಿ ನಿವೃತ್ತ ಮೇಜರ್ ಬಾಳಾಸಾಹೇಬರ ಮನೆಗೆ ಅವಳು ಹಿಂದಿನಿಂದಲೂ ಬಟ್ಟೆ ಹೊಲಿದು ಕೊಡುತ್ತಿದ್ದಳು. ಖಾನಾಪುರದ ನಂದಗಡ ರಸ್ತೆಯಲ್ಲಿ ಮೇಜರರಿಗೆ ಒಂದು ಗೋಡಂಬಿ ತೋಟವಿತ್ತು.

'ನನ್ನ ಗಂಡನ್ನ ತೋಟಾ ಕಾಯಾಕ ಇಟಗೋರ್ರಿ, ಸಾಹೇಬರ,' ಎಂದಳು. 'ಮನ್ಯಾಗ ಇದ್ರ ಉಳಿಯೂದಿಲ್ಲ ಅಂವಾ.'

'ಕಳ್ಳರು ಬಂದ್ರ ಕೂಗಬೇಕಲ್ಲವಾ, ಅನ್ವರಿ?' ಎಂದರು ಮೇಜರ್. ಹೇಳಿದ ಮೇಲೆ ತಮಗೇ ಕೆಟ್ಟೆನಿಸಿತೇನೋ, 'ಒಂದು ನಾಯಿ ಐತಿ. ಅದನ್ನೂ ಕರ್ಕೊಂಡು ಹೋಗು. ಅದು ಬೊಗಳ್ತದ' ಎಂದರು.

ಆ ನಾಯಿ ಬಾರ್ಡರ್ ಕಾಲಿ ಎಂಬ ವಿಲಾಯತಿ ಜಾತಿಯದು. ಮೇಜರ್ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿ ಮರಳುವಾಗ ತಂದ ಜೋಡಿಗೆ ಹುಟ್ಟಿದ ಐದು ಮರಿಗಳಲ್ಲಿ ಒಂದು. ಉಳಿದ ನಾಲ್ಕು ಒಳ್ಳೆಯ ಮನೆ ಸೇರಿದ್ದವು. ಇದನ್ನು ಮಾತ್ರ ಮೂರು ಮನೆಯವರು ಒಯ್ದು ಮೂವರೂ ಹಿಂದಕ್ಕೆ ತಂದು ಬಿಟ್ಟಿದ್ದರು. ಒಂದು ಮನೆಯಲ್ಲಿ ಸೋಫಾ ಹರಿದು ಹತ್ತಿ ತೆಗೆದಿತ್ತು. ಇನ್ನೊಂದು ಮನೆಯಲ್ಲಿ ಬಂದ ನೆಂಟರನ್ನೆಲ್ಲ ಸುತ್ತುಗಟ್ಟಿ ಒಂದು ಮೂಲೆಗೆ ತಂದು ನಿಲ್ಲಿಸಿ, ಯಾರನ್ನೂ ಕದಲಗೊಟ್ಟಿರಲಿಲ್ಲ. ಕಪ್ಪು ಮೈ, ಕೊರಳ ಸುತ್ತ ಬಿಳಿ, ಒಂದು ಕಿವಿ ನೆಟ್ಟಗೆ ಇನ್ನೊಂದು ಮಡಚಿಕೊಂಡದ್ದು. ಕುರಿ ಕಾಯುವ ತಳಿ. ಕುರಿಯಿಲ್ಲದ ಊರಮನೆಗಳಲ್ಲಿ ಅದಕ್ಕೆ ಕಂಡದ್ದೆಲ್ಲ ಕುರಿಯೇ. ಅನ್ವರಿ ಅದಕ್ಕೆ ಚಾಂದನಿ ಎಂದು ಹೆಸರಿಟ್ಟಳು. ಗನಿಗೆ ಹೆಸರಿನಿಂದ ಉಪಯೋಗವಿರಲಿಲ್ಲ.

ತೋಟ ಕಾಯಲು ಸೇರಿದ ಮೊದಲ ತಿಂಗಳು ಅವನು ಆ ನಾಯಿಯನ್ನು ದ್ವೇಷಿಸಿದ. ಅದು ಬೊಗಳುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೇಲಿಯ ಗುಂಟ ಓಡಿ ಓಡಿ ನೆಲದಲ್ಲಿ ದಾರಿ ಬೀಳಿಸಿತು. ಕೋಳಿಗಳನ್ನು ಬಾವಿಯ ಕಟ್ಟೆಗೆ ಒತ್ತರಿಸಿ ಹೊಟ್ಟೆ ನೆಲಕ್ಕೆ ತಾಗಿಸಿ ಕಣ್ಣು ಮಿಟುಕಿಸದೆ ಕೂತಿತೆಂದರೆ, ಕೋಳಿಗಳು ನಿಂತಲ್ಲೇ ನಡುಗುವವು. ರಸ್ತೆಯಲ್ಲಿ ಸೈಕಲ್ ಹೋದರೆ ಹಾರಿ ಬೆನ್ನಟ್ಟುವುದು. ಗನಿ ಓಡಿಹೋಗಿ ಹಿಡಿಯುವಷ್ಟರಲ್ಲಿ ಕೊರಳ ತೂತಿನಿಂದ ಉಸಿರು ಸಿಳ್ಳಿನಂತೆ ಬಂದು ಕಣ್ಣು ಕತ್ತಲಿಡುತ್ತಿತ್ತು. ಬೇರೆಯವರಾದರೆ ಒಂದು ಸಲ ಗದರಿಸಬಹುದು. ಅವನಿಗೆ ಗದರಿಸುವ ಭಾಗ್ಯವೂ ಇರಲಿಲ್ಲ.

ಒಂದು ದಿನ ಅದು ಕೋಳಿಯೊಂದನ್ನು ಬಾವಿಗೆ ಬೀಳಿಸಿತು. ಗನಿ ಸಿಟ್ಟಿನಲ್ಲಿ ಬಡಿಗೆ ಎತ್ತಿದ. ನಾಯಿ ಓಡಲಿಲ್ಲ. ನೆಲಕ್ಕೆ ಅಂಟಿಕೊಂಡು ಅವನ ಎತ್ತಿದ ಕೈಯನ್ನೇ ನೋಡಿತು. ಅವನು ಕೈಯನ್ನು ನಿಧಾನವಾಗಿ ಎಡಕ್ಕೆ ಸರಿಸಿದ. ಹೊಡೆಯಬೇಕೆಂದೇ ಸರಿಸಿದ್ದು. ನಾಯಿ ಎಡಕ್ಕೆ ಓಡಿ ಮತ್ತೆ ಬಿದ್ದುಕೊಂಡಿತು. ಬಲಕ್ಕೆ ಸರಿಸಿದ. ಬಲಕ್ಕೆ ಹೋಯಿತು. ಬಡಿಗೆ ಕೆಳಗಿಟ್ಟು ಬರಿಯ ಎರಡು ಬೆರಳು ಆಡಿಸಿದ. ಐವತ್ತು ಹೆಜ್ಜೆ ದೂರದಿಂದ ಅದು ಆ ಎರಡು ಬೆರಳನ್ನು ಓದಿತು. ಗನಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಎರಡು ವರ್ಷದಿಂದ ಅಷ್ಟು ಗಮನ ಕೊಟ್ಟು ಅವನನ್ನು ಯಾರೂ ನೋಡಿರಲಿಲ್ಲ. ಹೆಂಡತಿ ಕೂಡ ತುಟಿಯನ್ನಷ್ಟೇ ನೋಡುತ್ತಿದ್ದಳು.

ಮೇಜರ್ ತೋಟಕ್ಕೆ ಬಂದವರು ಇದನ್ನು ಕಂಡು ಚಾ ಆರುವವರೆಗೂ ನಿಂತೇ ಇದ್ದರು. ಇಂಗ್ಲೆಂಡಿನಲ್ಲಿ ನಾಯಿಗಳಿಗೆ ಹೊಸದೊಂದು ಪಂದ್ಯ ಶುರುವಾಗಿದೆ ಎಂದರು. ಕುದುರೆಗಳ ಹಾಗೆ ಬೇಲಿ ಹಾರಬೇಕು, ಸುರಂಗದಲ್ಲಿ ನುಸುಳಬೇಕು, ತೂಗುಹಲಗೆ ಹತ್ತಿ ಇಳಿಯಬೇಕು, ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹೊರಳಿ ಹೋಗಬೇಕು. ಸಾಕಿದವನು ಜತೆಗೆ ಓಡಬಹುದು, ಮುಟ್ಟುವಂತಿಲ್ಲ. ಬೆಳಗಾವಿಯ ಶ್ವಾನ ಪ್ರದರ್ಶನದಲ್ಲಿಯೂ ಅದನ್ನು ಸೇರಿಸಬೇಕೆಂದು ಅವರೂ ಅವರ ಗೆಳೆಯರೂ ಮಾತಾಡಿಕೊಂಡಿದ್ದರು.

ಗನಿ ಬಿದಿರು ಕಡಿದು ಬೇಲಿ ಕಟ್ಟಿದ. ಡಾಂಬರಿನ ನಾಲ್ಕು ಪೀಪಾಯಿಗಳ ತಳ ಒಡೆಸಿ ಸಾಲಾಗಿ ಜೋಡಿಸಿ ಸುರಂಗ ಮಾಡಿದ. ಡಿಪೋದ ಹಳೆಯ ಗೆಳೆಯರು ಒಂದು ಉದ್ದ ಹಲಗೆ ಕೊಟ್ಟರು. ತೂಗುಹಲಗೆ ಮೊದಲ ಸಲ ಧಡ್ಡೆಂದು ಕೆಳಗೆ ಬಡಿದಾಗ ಚಾಂದನಿ ಹೆದರಿ ಗೋಡಂಬಿ ಮರಗಳಾಚೆ ಓಡಿಹೋಯಿತು. ಒಂಬತ್ತು ದಿನ ಅದರ ಹತ್ತಿರ ಸುಳಿಯಲಿಲ್ಲ. ಗನಿ ಹಲಗೆಯನ್ನು ನೆಲದ ಮೇಲೆ ಮಲಗಿಸಿ ಅದರ ಮೇಲೆ ರೊಟ್ಟಿ ಇಟ್ಟ. ಮರುದಿನ ಕೆಳಗೊಂದು ಇಟ್ಟಿಗೆ, ವಾರ ಬಿಟ್ಟು ಇನ್ನೊಂದು. ತಾನೇ ಹಲಗೆಯ ತುದಿಯಲ್ಲಿ ಮಂಡಿಯೂರಿ, ತನ್ನ ಬೆನ್ನ ಮೇಲೆ ಅದು ಇಳಿಯುವಂತೆ ಮಾಡಿದ. ಕೋಲುಗಳ ನಡುವೆ ಹೊರಳುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅದರ ವೇಗವೇ ಅದಕ್ಕೆ ಶತ್ರು. ಐದನೆಯ ಕೋಲಿಗೆ ಬರುವಷ್ಟರಲ್ಲಿ ತಾಳ್ಮೆ ಹರಿದು ನೇರ ಓಡಿಬಿಡುವುದು. ಗನಿ ಕೈ ಇಳಿಸಿ, ಮೊದಲಿನ ಕೋಲಿನ ಬಳಿ ಹೋಗಿ ನಿಲ್ಲುವನು. ದಿನಕ್ಕೆ ನಲವತ್ತು ಸಲ.

ಸುರಂಗ ಮಾತ್ರ ಅವನನ್ನು ಕಾಡಿತು. ಬೇರೆಯವರು ನಾಯಿ ಒಳಗಿದ್ದಾಗ ಹೆಸರು ಕೂಗಿ ಕೂಗಿ ಕರೆಯುತ್ತಾರೆ. ಚಾಂದನಿಗೆ ಒಳಗಿನ ಕತ್ತಲೆಯಲ್ಲಿ ಗನಿಯ ಕೈ ಕಾಣುತ್ತಿರಲಿಲ್ಲ. ಹೊರಗೆ ಬಂದ ಗಳಿಗೆಯಲ್ಲಿ ಎದುರಿಗೆ ಅವನಿರಬೇಕು. ಇಲ್ಲದಿದ್ದರೆ ಅದರ ಕಣ್ಣು ಬೇರೆ ಏನಾದರೂ ಓಡುವುದನ್ನು ಹುಡುಕುತ್ತಿತ್ತು.

ಎಂಬತ್ಮೂರರ ಜುಲೈ ತಿಂಗಳ ಒಂದು ಮಧ್ಯಾಹ್ನ ಅದು ತೋಟದ ಬೇಲಿ ಹಾರಿತು. ಶಾಲೆ ಬಿಟ್ಟು ಮಕ್ಕಳು ಮಳೆಯಲ್ಲಿ ಚೀರುತ್ತ ಓಡುತ್ತಿದ್ದರು. ಎಲ್ಲರನ್ನೂ ಸುತ್ತುಗಟ್ಟಿ ನಿಲ್ಲಿಸಿದ ನಾಯಿ, ನಿಲ್ಲದೆ ಓಡಿದ ಒಬ್ಬಳ ಹಿಮ್ಮಡಿಗೆ ಹಲ್ಲು ಹಾಕಿತು. ಅವಳು ಪಕ್ಕದ ಹೊಲದ ಭರಮಪ್ಪನ ಮಗಳು ಗೌರವ್ವ, ಏಳು ವರ್ಷದವಳು. ಗನಿ ಬೇಲಿಯ ಈಚೆ ಕೈ ಎತ್ತಿಕೊಂಡು ನಿಂತಿದ್ದ. ನಾಯಿಯ ಬೆನ್ನು ಅವನ ಕಡೆಗಿತ್ತು. ಒಂದೇ ಒಂದು ಕೂಗು ಸಾಕಿತ್ತು.

ಆ ದಿನಗಳಲ್ಲಿ ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂತೆ. ಭರಮಪ್ಪ ಮಗಳನ್ನು ಹೆಗಲ ಮೇಲೆ ಹೊತ್ತು ಸರಕಾರಿ ದವಾಖಾನೆಗೆ ನಡೆಯುವನು. ಗನಿ ಇಪ್ಪತ್ತು ಹೆಜ್ಜೆ ಹಿಂದೆ ನಡೆದುಹೋಗಿ ಕಿಟಕಿಯ ಹೊರಗೆ ನಿಲ್ಲುವನು. ಒಳಗಿನಿಂದ ಅವಳ ಚೀರಾಟ ಬರುವುದು. ಮೊದಲ ದಿನ ಭರಮಪ್ಪ ಹೊರಗೆ ಬಂದು ಅವನ ಎದೆಯ ಅಂಗಿ ಹಿಡಿದ.

'ಏನರ ಮಾತಾಡೋ! ತಪ್ಪಾತು ಅನ್ನು! ಹೂಂ ಅನ್ನು!' ಎಂದು ಅಲುಗಾಡಿಸಿದ. ಕೊರಳ ಬಟ್ಟೆ ಸರಿದು ತೂತು ಕಂಡಿತು. ಭರಮಪ್ಪ ಕೈ ಬಿಟ್ಟು ಮಗಳನ್ನು ಎತ್ತಿಕೊಂಡು ಹೊರಟುಹೋದ.

ನಾಯಿಗೆ ಹುಚ್ಚು ಇದೆಯೋ ಇಲ್ಲವೋ ತಿಳಿಯಲು ಹತ್ತು ದಿನ ಕಟ್ಟಿಹಾಕಿ ನೋಡಬೇಕೆಂದರು. ಗನಿ ಹತ್ತು ದಿನವೂ ದವಾಖಾನೆಯಿಂದ ಮರಳಿ ಅದರ ಎದುರಿಗೆ ಕೂತು, ಅದು ನೀರು ಕುಡಿಯುವುದನ್ನು ನೋಡಿದ. ನೀರು ಕುಡಿದಾಗಲೆಲ್ಲ ಅವನ ಕಣ್ಣು ತುಂಬುತ್ತಿತ್ತು. ನಾಯಿಗೆ ಏನೂ ಆಗಿರಲಿಲ್ಲ. ಆದರೂ ಡಾಕ್ಟರು ಸೂಜಿ ಹದಿನಾಲ್ಕೂ ಮುಗಿಯಲಿ ಎಂದರು. ಹದಿನಾಲ್ಕನೆಯ ದಿನ ಗೌರವ್ವ ಚೀರಲಿಲ್ಲ. ಕಿಟಕಿಯಾಚೆಯ ಆ ಸುಮ್ಮನಿರುವಿಕೆಯನ್ನು ತಡೆದುಕೊಳ್ಳುವುದು ಗನಿಗೆ ಚೀರಾಟಕ್ಕಿಂತ ಕಷ್ಟವಾಯಿತು.

ಓಣಿಯವರು ಸೇರಿ ನಾಯಿಯನ್ನು ತೆಗೆಯಲೇಬೇಕೆಂದರು. ಕೆಲವರು ವಿಷದ ಮಾತಾಡಿದರು. ಮೇಜರ್ ಬಂದು ಎಲ್ಲರನ್ನೂ ಕೂಡಿಸಿ, 'ಜನವರಿಯೊಳಗ ಬೆಳಗಾವ್ಯಾಗ ಪಂದ್ಯ ಅದ. ಜನರ ನಡುವ, ನೂರು ನಾಯಿ ನಡುವ, ಹಗ್ಗ ಇಲ್ಲದ ಇದು ಓಡಿ ತೋರಿಸಿದ್ರ ಪಂಚರು ಸರ್ಟಿಫಿಕೇಟ್ ಬರದು ಕೊಡ್ತಾರ, ಹತೋಟಿಯೊಳಗಿನ ನಾಯಿ ಅಂತ. ಅಲ್ಲೀತನಕ ಕಲಿಸೂ ಹೊತ್ತು ಬಿಟ್ಟು ಕಟ್ಟೇ ಇರ್ತದ. ಆಮ್ಯಾಲೆ ನೀವು ಹೇಳಿದಂಗ' ಎಂದರು.

ಭರಮಪ್ಪ ಒಪ್ಪಿದ. 'ಆದರ ನಾನೂ ಬರಾಂವ. ಮಂದಿ ಹೇಳಿದ್ದ ಕೇಳೂದಿಲ್ಲ. ನನ್ನ ಕಣ್ಣಿಲೆ ನೋಡ್ತೀನಿ.'

ದಸರೆಯ ಹೊತ್ತಿಗೆ ಗನಿ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಎಡಗಿವಿಯ ಕೆಳಗೆ ಬೆರಳಿಗೆ ಗಂಟೊಂದು ಹತ್ತಿತು. ನೋವಿರಲಿಲ್ಲ. ಒತ್ತಿದರೆ ಸರಿಯುತ್ತಲೂ ಇರಲಿಲ್ಲ. ಮಿರಜಿನ ಡಾಕ್ಟರು ಮೂರು ವರ್ಷದ ಹಿಂದೆ, ಇಂಥದ್ದು ಕಂಡರೆ ಆ ದಿನವೇ ಬರಬೇಕೆಂದು ಹೇಳಿ ಕಳಿಸಿದ್ದರು. ಅವನು ಕನ್ನಡಿಯನ್ನು ಬೋರಲು ಹಾಕಿದ. ಹೋದರೆ ಹಾಸಿಗೆಗೆ ಹಾಕುತ್ತಾರೆ, ಜನವರಿ ತಪ್ಪುತ್ತದೆ. ಕೊರಳ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆ ಕಟ್ಟಿಕೊಳ್ಳತೊಡಗಿದ. ಅನ್ವರಿ ಚಳಿಗೆಂದು ತಿಳಿದಳು. ತಾನು ಹೋದ ಮೇಲೆ ನಾಯಿಗೆ ಇರುವುದು ಆ ಒಂದು ಕಾಗದ ಮಾತ್ರ ಎಂದು ಅವನಿಗೆ ಹೊಳೆದುಹೋಗಿತ್ತು. ಕಾಗದ ಇಲ್ಲದಿದ್ದರೆ, ಅವನ ಮಣ್ಣು ಆರುವ ಮೊದಲೇ ಯಾರಾದರೂ ರೊಟ್ಟಿಯಲ್ಲಿ ಏನಾದರೂ ಇಟ್ಟು ಹಾಕುತ್ತಾರೆ.

ಆಮೇಲಿನ ಮೂರು ತಿಂಗಳು ಅವನು ನಾಯಿಯನ್ನು ದುಡಿಸಿದ್ದು ಹುಚ್ಚನಂತೆ. ಕಾಲಿನ ಅಡಿ ಬಿರಿದು ರಕ್ತ ಬಂದರೆ ಎಣ್ಣೆ ಹಚ್ಚಿ ಮತ್ತೆ ಓಡಿಸುವನು. ತಾನೂ ಓಡುವನು, ಉಸಿರು ಸಾಲದೆ ಬಿದ್ದು, ತೂತಿನ ಕಫ ಒರೆಸಿಕೊಂಡು ಏಳುವನು. ಅನ್ವರಿ ಬುತ್ತಿ ಹಿಡಿದು ಬಂದು ನೋಡಿ ಅಳುತ್ತಿದ್ದಳು.

'ಅದಕ್ಕರ ದಣಿವು ಬ್ಯಾಡೇನು? ನಿನಗರ ಬ್ಯಾಡೇನು?'

ಅವನು ಅವಳಿಗೆ ತುಟಿ ಕಾಣದಂತೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಜನವರಿಯ ಮೂರನೆಯ ಭಾನುವಾರ ಅವರು ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೋದರು. ಗನಿ, ಅನ್ವರಿ, ಕಾಲ ಬಳಿ ಚಾಂದನಿ, ಎರಡು ಸಾಲು ಹಿಂದೆ ಭರಮಪ್ಪ. ದಂಡಿನ ಕ್ಯಾಂಪಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಆಲ್ಸೇಶಿಯನ್ನು, ಲ್ಯಾಬ್ರಡಾರು, ರಿಬ್ಬನ್ ಕಟ್ಟಿದ ಪಾಮೆರೇನಿಯನ್ನು. ಅವುಗಳ ಜತೆ ಇಸ್ತ್ರಿ ಮಾಡಿದ ಬಟ್ಟೆಯ ಜನ. ಅಡೆತಡೆ ಓಟಕ್ಕೆ ಹೆಸರು ಕೊಟ್ಟದ್ದು ಆರೇ ನಾಯಿ. ಹೆಸರು ಬರೆದುಕೊಳ್ಳುವವನು, ಹುಕುಂ ಬಾಯಲ್ಲಿ ಕೊಡಬೇಕಲ್ಲ ಎಂದು ತಕರಾರು ತೆಗೆದ. ಮೇಜರ್ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವನು ಗನಿಯ ಕೊರಳ ಕಡೆ ಒಮ್ಮೆ ನೋಡಿ ಬರೆದುಕೊಂಡ.

ಗನಿ ಸುರಂಗವನ್ನು ನೋಡಿ ಬೆವೆತ. ಅವನ ಪೀಪಾಯಿಗಳ ಸುರಂಗ ನೇರವಾಗಿತ್ತು. ಇದು ಟಾರ್ಪಾಲಿನದು, ನಡುವೆ ಬಾಗಿತ್ತು; ಹೊಕ್ಕ ಬಾಯಿಂದ ಹೊರಬಾಯಿ ಕಾಣುತ್ತಿರಲಿಲ್ಲ. ಹೊರಬಾಯಿಯ ಹತ್ತಿರ ಹಗ್ಗದ ಆಚೆ ಪ್ರೇಕ್ಷಕರು, ಮುಂದಿನ ಸಾಲಿನಲ್ಲಿ ಮಕ್ಕಳು.

ಅವರ ಸರದಿ ನಾಲ್ಕನೆಯದು. ಗನಿ ಎರಡು ಬೆರಳೆತ್ತಿದ. ಚಾಂದನಿ ಬಾಣದಂತೆ ಹೊರಟಿತು. ಒಂದು ಬೇಲಿ, ಎರಡು, ಮೂರು. ಮುಂಚಿನ ನಾಯಿಗಳ ಹಿಂದೆ ಯಜಮಾನರು ಕಿರುಚುತ್ತ ಓಡಿದ್ದರು. ಈಗ ಮೈದಾನದಲ್ಲಿ ನಾಯಿಯ ಉಗುರು ನೆಲ ಕೆರೆಯುವ ಸದ್ದು ಮಾತ್ರ. ಜನ ತಾವಾಗಿಯೇ ಮಾತು ನಿಲ್ಲಿಸಿದರು. ಕೋಲುಗಳ ನಡುವೆ ಹೊರಳಿತು. ಐದನೆಯದು ದಾಟಿತು, ಹನ್ನೆರಡನೆಯದೂ ದಾಟಿತು. ತೂಗುಹಲಗೆಯ ನಡುವೆ ನಿಂತು, ಅದು ವಾಲುವವರೆಗೆ ಗನಿಯ ಅಂಗೈ ನೋಡುತ್ತ ಕಾದಿತು. ಯಾರೋ ಚಪ್ಪಾಳೆ ತಟ್ಟಿದರು. ಗನಿ ಸುರಂಗದ ಕಡೆ ಕೈ ಬೀಸಿ, ಹೊರಬಾಯಿಯತ್ತ ಜೀವ ಬಿಟ್ಟು ಓಡಿದ.

ಜನವರಿಯ ಒಣ ಮೈದಾನ. ಮೂರು ನಾಯಿ ಓಡಿದ ಧೂಳು ಇನ್ನೂ ಕೂತಿರಲಿಲ್ಲ. ಅರ್ಧ ದಾರಿಯಲ್ಲಿ ಧೂಳು ತೂತಿನೊಳಗೆ ಹೋಯಿತು. ಕೆಮ್ಮು ಹೊಟ್ಟೆಯಿಂದ ಎದ್ದು ಅವನನ್ನು ಎರಡಾಗಿ ಮಡಚಿಬಿಟ್ಟಿತು. ಮಂಡಿಯೂರಿ ಬಿದ್ದ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ನೀರು ತುಂಬಿದ ಕಣ್ಣಲ್ಲಿ ನೋಡಿದ: ಚಾಂದನಿ ಹೊರಗೆ ಬಂದಿತ್ತು. ನಿಂತ ಮನುಷ್ಯನನ್ನು ಹುಡುಕಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಅಷ್ಟರಲ್ಲಿ ಹಗ್ಗದ ಬಳಿಯ ಮಕ್ಕಳು ಎದ್ದು ನಿಂತರು. ಒಂದು ಕೂಸು ಓಡಿತು.

ನಾಯಿ ತಲೆ ತಗ್ಗಿಸಿ, ಹಗ್ಗದ ಕೆಳಗೆ ನುಸುಳಿ, ಮಕ್ಕಳನ್ನು ಸುತ್ತುಗಟ್ಟತೊಡಗಿತು.

'ಕಚ್ಚತೈತಿ! ಹಿಡೀರಿ ಯಾರರ!' ಹೆಂಗಸರು ಚೀರಿದರು. ಕುರ್ಚಿಗಳು ಉರುಳಿದವು. ಒಬ್ಬ ಶಾಮಿಯಾನದ ಗೂಟ ಕಿತ್ತುಕೊಂಡ. ಗನಿ ಬಾಯಿ ತೆರೆದು ತನ್ನ ಜೀವವೆಲ್ಲ ಒಟ್ಟುಗೂಡಿಸಿ ಕೂಗಿದ. ಹದಿನೆಂಟು ವರ್ಷ ದಿಮ್ಮಿಯ ಮೇಲೆ ನಿಂತು ಕೂಗಿದವನು. ತೂತಿನಿಂದ ಕಫ ಮತ್ತು ಗಾಳಿ ಸಿಡಿದು ಅಂಗಿ ಒದ್ದೆಯಾಯಿತು, ಅಷ್ಟೇ. ಆಗ ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿ, ಎತ್ತಿಯೇ ಹಿಡಿದ. ಸುತ್ತು ಹಾಕುತ್ತಿದ್ದ ನಾಯಿಯ ಮುಖ ಒಮ್ಮೆ ಈ ಕಡೆ ತಿರುಗಿತು. ಕೈ ಕಂಡಿತು. ಚೀರಾಟದ ನಡುವೆ, ಗೂಟ ಎತ್ತಿದವನ ಕಾಲ ಬಳಿ, ಅದು ನೆಲಕ್ಕೆ ಬಿದ್ದು ಕಲ್ಲಾಯಿತು. ಒಂದು ಮಗುವಿಗೂ ಅದರ ಉಸಿರು ಕೂಡ ತಾಗಿರಲಿಲ್ಲ.

ಪಂಚರು ಸೀಟಿ ಊದಿದರು. ಅಂಗಳ ಬಿಟ್ಟು ಹೋದ ನಾಯಿ ಪಂದ್ಯದಿಂದ ಹೊರಗೆ. ಕಾಗದ ಸಿಗಲಿಲ್ಲ. ಗೂಟ ಎತ್ತಿದವನ ಕೈಯನ್ನು ಹಿಂದಿನಿಂದ ಹಿಡಿದುಕೊಂಡಿದ್ದವನು ಭರಮಪ್ಪ ಎಂದು ಗನಿ ಆಮೇಲೆ ಕಂಡ.

ಮಂಗಳವಾರ ಬೆಳಿಗ್ಗೆ ಭರಮಪ್ಪ ಗನಿಯ ಮನೆಯ ಕಟ್ಟೆಗೆ ಬಂದು ಕೂತ.

'ನಾಯಿ ಕೆಟ್ಟದ್ದಲ್ಲ,' ಎಂದ. 'ಅಷ್ಟು ಗದ್ದಲದಾಗ ನಿನ್ನ ಕೈ ನೋಡಿ ಬಿತ್ತು, ನಾ ನೋಡೀನಿ. ಓಣ್ಯಾಗೂ ಹೇಳೀನಿ. ಆದರ ಗೌರವ್ವ ಸಾಲಿಗೆ ಹೋಗವಲ್ಲಳು. ಆರು ತಿಂಗಳಾತು. ಆ ದಾರಿ ಅಂದ್ರ ನಡಗತಾಳ. ನಾ ಏನ ಮಾಡ್ಲಿ, ನೀನ ಹೇಳು ಗನಿಭಾಯಿ.'

ಗನಿ ತುಟಿ ಆಡಿಸಿದ: ಸಾಲಿ ಹೊತ್ತಿಗೆ ಸರಪಳಿಯಲ್ಲಿ ಕಟ್ಟುತ್ತೇನೆ, ಗೋಡೆ ಎತ್ತರಿಸುತ್ತೇನೆ, ಅದನ್ನು ನನ್ನಿಂದ ತೆಗೆಯಬೇಡ.

ಅನ್ವರಿ ಅವನ ತುಟಿಯನ್ನು ಕೊನೆಯವರೆಗೂ ನೋಡಿದಳು. ಆಮೇಲೆ ಭರಮಪ್ಪನ ಕಡೆ ತಿರುಗಿ, 'ಪಾರಿಶ್ವಾಡದಾಗ ಕುರಿ ಕಾಯೋ ಬಾಳಪ್ಪಗ ಕೊಟ್ಟ ಬರ್ತೀನಿ ಅಂತಾರ. ಈ ವಾರದಾಗ' ಎಂದಳು.

ಗನಿ ಎದ್ದು ನಿಂತ. ಇಲ್ಲ, ಇಲ್ಲ ಎಂದು ತಲೆಯಾಡಿಸಿದ. ಭರಮಪ್ಪ ಅದನ್ನು ದುಃಖವೆಂದು ತಿಳಿದು ಅವನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡ. 'ನಿನ್ನ ಉಪಕಾರ ಮರಿಯಾಂವಲ್ಲ ನಾ' ಎಂದ. ಆ ಕೈಗಳನ್ನು ಕಿತ್ತುಕೊಳ್ಳಲು ಗನಿಗೆ ಆಗಲಿಲ್ಲ.

ಭರಮಪ್ಪ ಹೋದ ಮೇಲೆ ಅನ್ವರಿ ಬಾಗಿಲಿಗೆ ಆತು ನಿಂತು ಹೇಳಿದಳು: 'ಇನ್ನೊಂದ ಸಲ ಯಾರಿಗರ ಹಲ್ಲ ಹತ್ತಿತಂದ್ರ ವಿಷಾ ಹಾಕ್ತಾರ. ಅದು ಒದ್ಯಾಡಿ ಸಾಯೂದನ್ನ ನೋಡಿ ನೀ ಮತ್ತ ರೈಲು ಹಳಿಗೆ ಹೋಗ್ತಿ. ನನಗ ಗೊತ್ತೈತಿ. ನನ್ನ ಬಾಯಿಲೆ ನಾ ಸುಳ್ಳ ಹೇಳೀನಿ. ಬೈಯಿ, ಹೊಡಿ.'

ಗುರುವಾರ ಅವನು ಚಾಂದನಿಯನ್ನು ಕರೆದುಕೊಂಡು ಪಾರಿಶ್ವಾಡಕ್ಕೆ ನಡೆದೇ ಹೋದ. ಬಸ್ಸಿನಲ್ಲಿ ಹೋದರೆ ಬೇಗ ಮುಟ್ಟಿಬಿಡುತ್ತೇವೆಂದು ನಡೆದ. ಬಾಳಪ್ಪನ ಕುರಿಗಳು ಜೋಳ ಕೊಯ್ದ ಹೊಲದಲ್ಲಿ ಹರಡಿಕೊಂಡಿದ್ದವು, ಇನ್ನೂರರ ಮೇಲೆ. ನಾಯಿ ಹುಟ್ಟಿದಾಗಿನಿಂದ ಕುರಿ ಕಂಡಿರಲಿಲ್ಲ. ಹೊಲದ ಬದುವಿಗೆ ಬಂದು ನಿಂತಿತು. ಮೈಯೆಲ್ಲ ಸಣ್ಣಗೆ ನಡುಗಿತು. ಗನಿ ಬೆರಳೆತ್ತುವ ಮೊದಲೇ ಅದು ಹೊರಟು, ದೊಡ್ಡ ಸುತ್ತು ಹಾಕಿ, ಇಡೀ ಹಿಂಡನ್ನು ಒಂದು ಚೂರು ಗದ್ದಲವಿಲ್ಲದೆ ಒಟ್ಟುಗೂಡಿಸಿ ಬಾಳಪ್ಪನ ಮುಂದೆ ತಂದಿತು.

'ಯಪ್ಪಾ, ಇದೇನ ನಾಯಿಯೋ ಏನ ಪೊಲೀಸ್ನೋ!' ಎಂದು ಬಾಳಪ್ಪ ಕೂಗಿದ.

ಗನಿ ಹೊರಡುವಾಗ ಎರಡು ಸಲ ತಿರುಗಿ ನೋಡಿದ. ಅದು ಕುರಿಗಳಿಂದ ಕಣ್ಣು ತೆಗೆಯಲಿಲ್ಲ. ಹಿಂದೆ ಬಂದಿದ್ದರೆ ಅವನು ಎತ್ತಿಕೊಂಡು ಓಡಿಹೋಗುತ್ತಿದ್ದ. ಅದು ಬರಲಿಲ್ಲ.

ಹನ್ನೊಂದು ದಿನ ಅವನು ಅನ್ವರಿಯ ಜತೆ ತುಟಿ ಆಡಿಸಲಿಲ್ಲ. ಅವಳು ಊಟ ಇಟ್ಟರೆ ಉಂಡ, ನೀರಿಟ್ಟರೆ ಮೈ ತೊಳೆದ. ಅವಳು ಎದುರಿಗೆ ಕೂತು ಅವನ ಬಾಯಿಯನ್ನೇ ನೋಡುವಳು; ಅವನು ತುಟಿ ಬಿಗಿಹಿಡಿದು ಗೋಡೆ ನೋಡುವನು. ಹನ್ನೆರಡನೆಯ ದಿನ ಅವಳು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಸದ್ದಿಲ್ಲದೆ ಅಳುತ್ತಿದ್ದಳು. ಗನಿ ಬಂದು ಪಕ್ಕದಲ್ಲಿ ಕೂತ. ಅವಳ ಕೈ ತೆಗೆದುಕೊಂಡು ಕೊರಳ ಬಟ್ಟೆಯ ಕೆಳಗೆ, ಎಡಗಿವಿಯ ಹತ್ತಿರ ಇಟ್ಟ. ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು.

ಅವಳ ಬೆರಳು ಅಲ್ಲೇ ನಿಂತವು. 'ಯಾವಾಗಿಂದ?'

ದಸರೆಯಿಂದ, ಎಂದು ಅವನ ತುಟಿ ಆಡಿತು.

ಮಿರಜಿನ ಡಾಕ್ಟರು ಈ ಸಲ ಕೊಯ್ಯಲಿಲ್ಲ. ಕರೆಂಟು, ಅಂದರೆ ವಿಕಿರಣ, ಕೊಟ್ಟು ನೋಡೋಣವೆಂದರು, ಕೊಟ್ಟರು. ಮೊದಲೇ ಬಂದಿದ್ದರೆ ಎಂದು ಅನ್ವರಿ ಕೇಳಿದಾಗ ಅವರು ಕನ್ನಡಕ ಒರೆಸಿಕೊಂಡರು. ಆ ಕರೆಂಟಿನಿಂದ ಗನಿಗೆ ಒಂದೂವರೆ ವರ್ಷ ಸಿಕ್ಕಿತು. ಬಲ ಬಂದ ವಾರಗಳಲ್ಲಿ ಅವನು ಬುಧವಾರದ ಬಸ್ಸಿಗೆ ಪಾರಿಶ್ವಾಡಕ್ಕೆ ಹೋಗುತ್ತಿದ್ದ. ಬಾಳಪ್ಪ ಮಾತಿನ ಮಲ್ಲ, ಕೂಗದೆ ಇರಲಾರ. ಅವನು ಕೂಗಿದಷ್ಟೂ ನಾಯಿ ಗಾಬರಿಯಾಗುತ್ತಿತ್ತು. ಗನಿ ಅವನ ಬಾಯಿಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಅವನ ಬೆರಳು ಹಿಡಿದು ಕಲಿಸಿದ. ಎಡಕ್ಕೆ ಹೀಗೆ. ನಿಲ್ಲು ಎಂದರೆ ಹೀಗೆ. ಖಾನಾಪುರದಲ್ಲಿ ಗೌರವ್ವ ಶಾಲೆಗೆ ಹೋಗತೊಡಗಿದ್ದಳು. ಗನಿಗೆ ನಡೆಯಲಾಗದ ದಿನ ಭರಮಪ್ಪನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್ಸಿಗೆ ಮುಟ್ಟಿಸುತ್ತಿದ್ದ.

ಕೊನೆಯ ಸಲ ಹೋದದ್ದು ಎಂಬತ್ತೈದರ ಮಾರ್ಚಿನಲ್ಲಿ, ಅನ್ವರಿಯ ಹೆಗಲು ಹಿಡಿದುಕೊಂಡು. ಬದುವಿನ ಮೇಲೆ ಕಂಬಳಿ ಹಾಸಿ ಅವನನ್ನು ಕೂರಿಸಿದರು. ಬಾಳಪ್ಪ ತುಟಿ ಕಚ್ಚಿಕೊಂಡು, ಬೆರಳು ಎತ್ತಿ, ಹಿಂಡನ್ನು ಹಳ್ಳದ ಆಚೆಯಿಂದ ತರಿಸಿ ತೋರಿಸಿದ. ಗನಿ ನೋಡಿದ. ಮಧ್ಯಾಹ್ನ ಕುರಿಗಳು ಜಾಲಿಯ ನೆರಳು ಸೇರಿದಾಗ ಚಾಂದನಿ ಬದುವಿನ ಹತ್ತಿರ ಬಂದು ಅವನ ಕಾಲಿಗೆ ಮೈ ತಾಗಿಸಿ ಮಲಗಿತು, ಮುಖ ಮಾತ್ರ ಕುರಿಗಳ ಕಡೆ. ಒಂದು ಟಗರು ಎದ್ದು ಸರಿದಾಡಿತು. ನಾಯಿ ತಲೆ ಎತ್ತಿತು, ಎದ್ದಿತು, ಹೊರಟುಹೋಯಿತು. ಅನ್ವರಿ ಅವನ ಕೊರಳ ಬಟ್ಟೆ ಸರಿಮಾಡಿ, ಮೂರರ ಬಸ್ಸಿಗೆ ಹೊತ್ತಾಯಿತು ಎಂದಳು.